ತರೀಕೆರೆ ಬಂತು, ಏಳಿ

ನನ್ನ ಎಡಹುಬ್ಬಿನ ಮೇಲೆ ಒಂದು ಹೊಲಿಗೆಯ ಗುರುತಿದೆ. ಅಂಗಡಿಗೆ ಬರುವ ಲಾರಿ ಡ್ರೈವರುಗಳು "ಏನ್ ಆಪಾ, ಜಾಕ್ ಜಾರಿ ಬಿತ್ತಾ?" ಎಂದು ಕೇಳುತ್ತಾರೆ. ಜಾಕೂ ಅಲ್ಲ, ಗೇರೂ ಅಲ್ಲ ಮಾರಾಯ, ಫಸ್ಟ್ ಕ್ಲಾಸ್ ರೈಲಿನಲ್ಲಿ ಹೋಗಿದ್ದಕ್ಕೆ ಸಿಕ್ಕ ಬಹುಮಾನ ಎಂದರೆ ಒಬ್ಬರೂ ನಂಬುವುದಿಲ್ಲ. ಫಸ್ಟ್ ಕ್ಲಾಸಿನಲ್ಲಿ ಹೊಡೆದಾಟ ಎಲ್ಲಿಂದ ಬರಬೇಕು ಎನ್ನುತ್ತಾರೆ. ಒಂದು ಕಾಲದಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಶಿವಮೊಗ್ಗದ ಬೈಪಾಸ್ ರಸ್ತೆಯಲ್ಲಿ ನಮ್ಮದು ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ. ಮನೆ ಭದ್ರಾವತಿಯ ಹಳೇನಗರದಲ್ಲಿ. ನಮ್ಮವರದು ಎರಡೂ ಊರಿನ ನಡುವೆ ಮಾಚೇನಹಳ್ಳಿಯಲ್ಲಿ ಗ್ಯಾರೇಜು. ಅವರು ಲಾರಿ ರಿಪೇರಿ ಮಾಡುತ್ತಾರೆ, ನಾನು ಸಾಮಾನು ಮಾರುತ್ತೇನೆ, ಜಗಳವನ್ನೂ ನಾನೇ ಆಡುತ್ತೇನೆ. ಅವರು ಇರುವೆಯನ್ನೂ ಊದಿ ಆಚೆ ಕಳಿಸುವ ಜನ. ನನಗೋ ಕೋಪ ಮೂಗಿನ ತುದಿಯಲ್ಲಿ. ಸಾಮಾನು ತರಲು ಆಗಾಗ ಬೆಂಗಳೂರಿಗೆ ಹೋಗಿ ಬರಬೇಕು, ಹೋಗುವುದು ಬರುವುದು ರೈಲಿನಲ್ಲೇ.

ಮೊದಲು ಸ್ಲೀಪರಿನಲ್ಲೇ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ದೀಪಾವಳಿ ಕಳೆದು ಚಳಿ ಬಿದ್ದರೆ ಮಾತ್ರ ಆ ಡಬ್ಬಿ ಯುದ್ಧಭೂಮಿ. ಅರಸೀಕೆರೆ ದಾಟಿದ ಮೇಲೆ ಬೀಸುವ ಗಾಳಿಗೆ ಎಲುಬಿನೊಳಗಿನ ಮಜ್ಜೆ ಗಟ್ಟಿಯಾಗುತ್ತದೆ. ಒಮ್ಮೆ ನನ್ನ ತಲೆಯ ಬಳಿಯ ಕಿಟಕಿಯನ್ನು ಒಬ್ಬ ಹಾಕಲು ಬಿಡಲಿಲ್ಲ. ಗುಟ್ಕಾ ಉಗಿಯಲು ಬೇಕಂತೆ. ಅವನು ಉಗಿದದ್ದರಲ್ಲಿ ಅರ್ಧ ಗಾಳಿಗೆ ತಿರುಗಿ ನನ್ನ ದುಪಟ್ಟಿಯ ಮೇಲೆ ಬಿತ್ತು. ಒಂದು ಸಲ ಹೇಳಿದೆ, ಎರಡು ಸಲ ಹೇಳಿದೆ. ಮೂರನೇ ಸಲ ಹೇಳಲಿಲ್ಲ, ಕಬ್ಬಿಣದ ಶಟರನ್ನು ಧಡಾರನೆ ಬಿಟ್ಟೆ. ಅವನ ಬೆರಳುಗಳು ಅದರಡಿ ಇದ್ದವು. ಅವನು ಊಳಿಟ್ಟುಕೊಂಡು ನನ್ನ ತಲೆಗೂದಲಿಗೆ ಕೈ ಹಾಕಿದ, ನಾನು ಅವನ ಮುಂಗೈ ಕಚ್ಚಿದೆ. ಇಡೀ ಡಬ್ಬಿ ಎರಡು ಪಕ್ಷವಾಯಿತು. ಬೀರೂರಿನಲ್ಲಿ ಪೊಲೀಸರು ಬಂದು ಬಿಡಿಸಿದರು. ಮನೆಗೆ ಬಂದಾಗ ನನ್ನ ಹಲ್ಲಿನ ಸಂದಿನಲ್ಲಿ ಇನ್ನೂ ಅವನ ರಕ್ತದ ರುಚಿಯಿತ್ತು.

"ಇನ್ಮೇಲೆ ಇವಳನ್ನ ಬಾಗ್ಲು ಇರೋ ಡಬ್ಬೀಲಿ ಹಾಕಿ ಕಳಿಸ್ಬೇಕು" ಎಂದರು ನಮ್ಮವರು. "ಅವಳ ಸುಖಕ್ಕಲ್ಲ, ಜನರ ರಕ್ಷಣೆಗೆ." ಅಂದಿನಿಂದ ನನಗೆ ಫಸ್ಟ್ ಕ್ಲಾಸ್ ಟಿಕೆಟ್ಟು.

ನಿಜ ಹೇಳುತ್ತೇನೆ, ಮೊದಮೊದಲು ಸ್ವರ್ಗವೆನಿಸಿತು. ಜಾರಿಸಿ ಮುಚ್ಚುವ ಬಾಗಿಲು, ಒಳಗಿನಿಂದ ಚಿಲಕ. ಬಿಳಿ ಹಾಸು, ದಪ್ಪ ಕಂಬಳಿ. ಗಾಳಿ ಇಲ್ಲ, ಗುಟ್ಕಾ ಇಲ್ಲ. ಸ್ಲೀಪರಿನಲ್ಲಾದರೆ ತುಮಕೂರು ಬರುವುದರೊಳಗೆ ಯಾವೂರು, ಯಾರ ಪೈಕಿ, ಮಕ್ಕಳೆಷ್ಟು, ಸೊಸೆ ಹೇಗೆ ಎಲ್ಲ ಕೇಳಿ ಮುಗಿಸಿರುತ್ತಾರೆ. ಇಲ್ಲಿ ಎದುರಿನವರು ನನ್ನ ಮುಖವನ್ನೇ ನೋಡುವುದಿಲ್ಲ. ಯಾರಿಗೂ ಯಾರೂ ಬೇಡ. ನನ್ನ ಕೋಪಕ್ಕೆ ರಜೆ ಸಿಕ್ಕಿತು ಅಂದುಕೊಂಡೆ.

ಆ ಗಾಡಿಯಲ್ಲಿ ನಾವು ಭದ್ರಾವತಿಯವರು ಮಾತ್ರ ಒಂದು ರೂಢಿ ಬಿಟ್ಟಿಲ್ಲ. ಬೆಂಗಳೂರಿನಿಂದ ಬರುವ ಗಾಡಿಗೆ ಶಿವಮೊಗ್ಗ ಕೊನೆಯ ನಿಲ್ದಾಣ. ಅಲ್ಲಿಯವರು ಗೊರಕೆ ಹೊಡೆಯುತ್ತಿರಬಹುದು, ಗಾಡಿಯೇ ನಿಂತು ಎಬ್ಬಿಸುತ್ತದೆ. ನಮ್ಮೂರಿನಲ್ಲಿ ನಿಲ್ಲುವುದು ಎರಡು ನಿಮಿಷ. ನಿದ್ದೆ ಹೋದರೆ ಮುಗಿಯಿತು, ಶಿವಮೊಗ್ಗದಿಂದ ಬಸ್ಸಿನಲ್ಲಿ ಹಿಂದಕ್ಕೆ ಬರಬೇಕು. ಅದಕ್ಕೆ ತರೀಕೆರೆಯಲ್ಲಿ ಯಾರಿಗೆ ಮೊದಲು ಎಚ್ಚರವಾಗುತ್ತದೋ ಅವರು ಎದ್ದು ಡಬ್ಬಿಯ ಉದ್ದಕ್ಕೂ ಬಡಿಯುತ್ತಾ ಹೋಗುತ್ತಾರೆ. "ತರೀಕೆರೆ ಬಂತು, ಏಳಿ! ಭದ್ರಾವತಿಯವರು ಯಾರಿದೀರಿ?" ಒಳಗಿನಿಂದ "ಇದೀವಿ" ಎಂದು ಉತ್ತರ ಬರಬೇಕು. ಬಂದ ಮೇಲೆ ಅವರನ್ನು ಇಳಿಸುವುದು ಬಡಿದವರ ಜವಾಬ್ದಾರಿ. ಶಿವಮೊಗ್ಗದವರು ಶಾಪ ಹಾಕುತ್ತಾರೆ, ಹಾಕಲಿ. ಫಸ್ಟ್ ಕ್ಲಾಸಿನಲ್ಲೂ ನಾನು ಈ ಕೆಲಸ ಬಿಡಲಿಲ್ಲ. ಬಾಗಿಲು ಬಡಿಯುವುದೆಂದರೆ ನನಗೆ ಮೊದಲಿನಿಂದಲೂ ಖುಷಿ.

ಇನ್ನೊಂದು ರೂಢಿ, ಶಿವಮೊಗ್ಗಕ್ಕೆ ಹೆಣ್ಣು ಕೊಟ್ಟವರದು. ಮಗಳೂ ಅಳಿಯನೂ ಬೆಂಗಳೂರಿನಿಂದ ಬರುತ್ತಿದ್ದರೆ ತೌರಿನವರು ಭದ್ರಾವತಿ ಪ್ಲಾಟ್‌ಫಾರ್ಮಿಗೆ ಫ್ಲಾಸ್ಕಿನಲ್ಲಿ ಕಾಫಿ, ಕ್ಯಾರಿಯರಿನಲ್ಲಿ ಬಿಸಿ ತಿಂಡಿ ಹಿಡಿದು ಬಂದು ನಿಲ್ಲುತ್ತಾರೆ. ತೌರುಮನೆಯ ಎದುರಿನಿಂದಲೇ ಹೋಗುವ ಮಗಳು ಬರಿಗೈಯಲ್ಲಿ ಹೋಗಬಾರದು. ಎರಡು ನಿಮಿಷದಲ್ಲಿ ಕೊಟ್ಟು, ಮುಖ ನೋಡಿ, "ಹತ್ತು ಹತ್ತು, ಗಾಡಿ ಬಿಡ್ತದೆ" ಎಂದು ಮತ್ತೆ ಒಳಗೆ ಕಳಿಸುತ್ತಾರೆ. ಚಳಿಗಾಲದಲ್ಲಿ ಮಂಜಿನ ನಡುವೆ ಮಫ್ಲರ್ ಸುತ್ತಿಕೊಂಡು ನಿಂತಿರುತ್ತಾರೆ ಆ ಅಪ್ಪಂದಿರು.

ಆ ಸಲ ನಾನು ಬೆಂಗಳೂರಿನಲ್ಲಿ ಹತ್ತಿದಾಗ ಕೈಯಲ್ಲಿ ಭಾರದ ಚೀಲವಿತ್ತು. ಪಾರ್ಸಲ್ ಲಾರಿಗೆ ಹಾಕಿದರೆ ತಡವಾಗುತ್ತದೆಂದು ಒಂದು ಜೊತೆ ಕಿಂಗ್ ಪಿನ್ ಕೈಯಲ್ಲೇ ತಂದಿದ್ದೆ. ಲಾರಿಯ ಮುಂದಿನ ಚಕ್ರ ತಿರುಗುವ ಕೀಲಿಗೆ ಹಾಕುವ ಉಕ್ಕಿನ ಗೂಟ ಅದು, ಗೇಣುದ್ದ, ಅಪ್ಪಟ ಗಟ್ಟಿ. ಡಬ್ಬಿಯ ಬಾಗಿಲಲ್ಲಿ ಬ್ಲೇಜರ್ ತೊಟ್ಟ ಒಬ್ಬ ಯುವಕ "ಕೊಡಿ ಅಮ್ಮ, ನಾನು ಎತ್ತಿಡ್ತೀನಿ" ಎಂದು ಕೈ ನೀಡಿದ. ಎತ್ತಿದವನು ಭಾರಕ್ಕೆ ಬಾಗಿಬಿಟ್ಟ.

"ಏನಮ್ಮ ಇದ್ರಲ್ಲಿ, ಕಬ್ಬಿಣಾನಾ?"

"ಕಬ್ಬಿಣ ಅಲ್ಲಪ್ಪ, ಉಕ್ಕು" ಎಂದೆ. ಅವನ ಹೆಂಡತಿ ಹಿಂದೆ ನಿಂತು ನಕ್ಕಳು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಯಾರದೋ ರಿಸೆಪ್ಷನ್ ಮುಗಿಸಿ ನೇರ ಸ್ಟೇಷನ್ನಿಗೆ ಬಂದ ಹಾಗಿತ್ತು. ನಕ್ಕವಳು ಗಂಡನ ಮುಖ ನೋಡಿ ತಟ್ಟನೆ ನಗು ನಿಲ್ಲಿಸಿದಳು. ಅದು ನನ್ನ ಕಣ್ಣಿಗೆ ಬಿತ್ತು. ಹೊಸ ಜೋಡಿ, ನಾಚಿಕೆ ಇರಬೇಕು ಅಂದುಕೊಂಡೆ. ಅವರಿಗೆ ನನ್ನ ಪಕ್ಕದ ಕೂಪೆ, ಅಂದರೆ ಇಬ್ಬರಿಗೆ ಮಾತ್ರ ಇರುವ ಪುಟ್ಟ ಕೋಣೆ. ನನ್ನ ಕೋಣೆಯಲ್ಲಿ ಎದುರಿಗೆ ಒಬ್ಬ ಹಿರಿಯರು. ಯಾವುದೋ ಇಲಾಖೆಯ ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಅದನ್ನು ನಾನು ಕೇಳುವ ಮೊದಲೇ ಹೇಳಿದ್ದರು.

ಅಂದು ಗಾಡಿ ತಡ. ಬೀರೂರು ಬಿಟ್ಟ ಮೇಲೆ ಹೊಲದ ನಡುವೆ ಸುಮ್ಮನೆ ನಿಂತುಬಿಟ್ಟಿತು. ಎಂಜಿನ್ ಸದ್ದು, ಚಕ್ರದ ಸದ್ದು ಎರಡೂ ಇಲ್ಲ. ಕಿಟಕಿಯಾಚೆ ಮಂಜಿನಲ್ಲಿ ಬೆಳಕು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಆ ನಿಶ್ಶಬ್ದದಲ್ಲಿ ಪಕ್ಕದ ಕೋಣೆಯಿಂದ ಧೊಪ್ ಎಂದು ಸದ್ದು ಬಂತು. ಸೂಟ್‌ಕೇಸ್ ಬಿತ್ತೇನೋ ಅಂದುಕೊಂಡೆ. ಇನ್ನೊಂದು ಸಲ ಬಂತು. ಪೆಟ್ಟಿಗೆ ಬೀಳುವ ಸದ್ದು ಬೇರೆ, ಮನುಷ್ಯರ ತಲೆ ಗೋಡೆಗೆ ಬಡಿಯುವ ಸದ್ದು ಬೇರೆ. ಎದ್ದು ಕುಳಿತು ಗೋಡೆಗೆ ಕಿವಿ ಇಟ್ಟೆ.

"ಯಾರವನು?" ಗಂಡಸಿನ ದನಿ. ಕೂಗಾಟವಲ್ಲ, ತಣ್ಣಗಿನ ದನಿ. "ಫೋಟೋದಲ್ಲಿ ಭುಜ ತಾಗಿಸ್ಕೊಂಡು ಹಲ್ಲು ಕಿರಿದಿದ್ಯಲ್ಲ, ಯಾರವನು?"

"ದೊಡ್ಡಮ್ಮನ ಮಗ ರೀ. ಅಣ್ಣ ಆಗ್ಬೇಕು ನಂಗೆ. ಮದ್ವೇಲಿ ನಿಮಗೂ ಪರಿಚಯ ಮಾಡ್ಸಿದ್ನಲ್ಲ..."

ಛಟೀರೆಂದು ಕೆನ್ನೆಗೆ ಬಿತ್ತು. ಹಿಂದೆಯೇ ಮತ್ತೊಂದು. ಅವಳು ಬಿಕ್ಕಿದಳು.

"ಮೆಲ್ಲಗೆ ಅಳು" ಎಂದ ಅವನು. "ಪಕ್ಕದಲ್ಲಿ ಜನ ಇದಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಹೊಡೆದದ್ದಕ್ಕಿಂತ ಆ ಮಾತಿಗೆ. ಹೊಡೆಯುವುದರಲ್ಲೂ ಮರ್ಯಾದೆ ಕಾಪಾಡಿಕೊಳ್ಳುತ್ತಿದ್ದಾನೆ, ಹಾಳಾದವನು. ಸ್ಲೀಪರಿನಲ್ಲಿ ಹೆಂಡತಿಯ ಮೇಲೆ ಕೈ ಎತ್ತಿದ್ದರೆ ಮೇಲಿನ ಬರ್ತಿನಿಂದ ಒಬ್ಬ, ಕೆಳಗಿನಿಂದ ಇಬ್ಬರು ಬಂದು ಕುತ್ತಿಗೆ ಪಟ್ಟಿ ಹಿಡಿಯುತ್ತಿದ್ದರು. ಇಲ್ಲಿ ಚಿಲಕವಿದೆ. ನಾನು ಸುಖವೆಂದುಕೊಂಡಿದ್ದ ಚಿಲಕ.

ಎದುರಿನ ಹಿರಿಯರಿಗೂ ಎಚ್ಚರವಾಗಿತ್ತು. ಕಂಬಳಿಯೊಳಗಿನಿಂದ ಕಣ್ಣು ಮಾತ್ರ ಕಾಣುತ್ತಿತ್ತು.

"ಕೇಳಿಸ್ತಾ ಸಾರ್? ಹೊಡೀತಿದಾನೆ."

"ಹೊಸದಾಗಿ ಮದುವೆ ಆದೋರು. ನಾವು ತಲೆ ಹಾಕ್ಬಾರ್ದು ಮೇಡಂ. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ."

"ಉಂಡೂ ಆಯ್ತು, ಮಲಗೀನೂ ಆಯ್ತು ಸಾರ್. ಇನ್ನೂ ಹೊಡೀತಾನೇ ಇದಾನಲ್ಲ!"

ಅವರು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡರು. ಥೂ ಎಂದು ಎದ್ದು ಹೊರಗೆ ಹೋದೆ. ಡಬ್ಬಿಯ ತುದಿಯಲ್ಲಿ ಹಾಸು ಹೊದಿಕೆ ಕೊಡುವ ಅಟೆಂಡರ್ ಕೂತಲ್ಲೇ ತೂಕಡಿಸುತ್ತಿದ್ದ. ಎಬ್ಬಿಸಿ ಹೇಳಿದೆ. ಅವನು ಬಂದು ಬಾಗಿಲ ಮುಂದೆ ಒಂದು ಗಳಿಗೆ ನಿಂತ. ಒಳಗೆ ಮತ್ತೆ ಧೊಪ್ ಎಂದಿತು. ಅವನು ತನಗೇ ಪೆಟ್ಟು ಬಿದ್ದವನಂತೆ ಹಿಂದೆ ಸರಿದ.

"ಒಳಗಿಂದ ಲಾಕ್ ಹಾಕ್ಕೊಂಡಿದಾರೆ ಮೇಡಂ. ನಾನು ಬಡಿದ್ರೆ ಪ್ಯಾಸೆಂಜರ್ ಕಂಪ್ಲೇಂಟ್ ಮಾಡ್ತಾರೆ, ನನ್ ಕೆಲ್ಸ ಹೋಗ್ತದೆ. ಟೀಟಿ ಸಾಹೇಬ್ರು ಹಿಂದಿನ ಬೋಗೀಲಿದಾರೆ, ಕರ್ಕೊಂಡ್ ಬರ್ತೀನಿ." ಹೋದವನು ಬರಲೇ ಇಲ್ಲ. ರೈಲ್ವೆ ಸಹಾಯವಾಣಿಗೆ ಫೋನ್ ಹಚ್ಚಿದೆ, ಆ ಕಾಡು ಹೊಲದಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಇರಲಿಲ್ಲ. ಗಾಡಿ ಹೊರಟಿತು. ಚಕ್ರದ ಸದ್ದಿನಲ್ಲಿ ಒಳಗಿನ ಸದ್ದು ಮುಚ್ಚಿಹೋಯಿತು. ಅದರಿಂದ ಇನ್ನೂ ಭಯವಾಯಿತು. ಹೊಡೆಯುತ್ತಿದ್ದಾನೋ, ನಿಲ್ಲಿಸಿದನೋ, ಕೊಂದೇಬಿಟ್ಟನೋ ಹೇಗೆ ತಿಳಿಯಬೇಕು? ಕೈ ಕೈ ಹಿಸುಕಿಕೊಳ್ಳುತ್ತಾ ಆ ಓಣಿಯಲ್ಲಿ ನಿಂತೆ.

ಗಾಡಿ ನಿಧಾನವಾಯಿತು. ಕಿಟಕಿಯಾಚೆ ಹಳದಿ ಬೋರ್ಡು. ತರೀಕೆರೆ.

ಯಾ ಅಲ್ಲಾ, ಇಷ್ಟು ಹೊತ್ತು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ! ಈ ಬಾಗಿಲು ಬಡಿಯಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ತರೀಕೆರೆಯಲ್ಲಿ ಯಾವ ಬಾಗಿಲನ್ನಾದರೂ ಬಡಿಯುವ ಹಕ್ಕು ಭದ್ರಾವತಿಯವರಿಗೆಲ್ಲ ಇದೆ. ಎರಡೂ ಅಂಗೈಯಿಂದ ಬಡಿದೆ.

"ತರೀಕೆರೆ ಬಂತು, ಏಳಿ! ಭದ್ರಾವತಿಯವರು ಯಾರಿದೀರಿ?"

ಒಳಗೆ ಸದ್ದಡಗಿತು. ಆಮೇಲೆ ಗಂಡಸಿನ ದನಿ, ಬಹಳ ವಿನಯದಿಂದ. "ನಾವು ಶಿವಮೊಗ್ಗ ಅಮ್ಮ. ಮಲಗಿದೀವಿ."

"ಶಿವಮೊಗ್ಗದೋರನ್ನ ನಾನು ಕೇಳ್ಲಿಲ್ಲ. ಭದ್ರಾವತಿಯವರು ಯಾರಿದೀರಿ?"

ಗಾಡಿ ತರೀಕೆರೆ ಬಿಟ್ಟಿತು. ನಾನು ಮೂರನೇ ಸಲ ಕೂಗಿದೆ, ಗಂಟಲು ಹರಿಯುವಂತೆ.

ಒಂದು ಸಣ್ಣ ದನಿ ಬಂತು. "ಇದೀನಿ."

ಹಿಂದೆಯೇ ಧಡ್ ಎಂದು ಏನೋ ಬಾಗಿಲಿಗೇ ಬಂದು ಬಡಿಯಿತು. ಅವಳೇ. ಅವಳನ್ನೇ ಎತ್ತಿ ಬಾಗಿಲಿಗೆ ಅಪ್ಪಳಿಸಿದ್ದ. ಮುಂದೆ ನಾನು ಏನು ಮಾಡಿದೆನೆಂದು ನನಗೆ ಪೂರ್ತಿ ನೆನಪಿಲ್ಲ. ಕೋಣೆಗೆ ಓಡಿ ಚೀಲದಿಂದ ಕಿಂಗ್ ಪಿನ್ ತೆಗೆದದ್ದು ನೆನಪಿದೆ. ಅದರಿಂದ ಬಾಗಿಲ ಚಿಲಕದ ಜಾಗಕ್ಕೆ ಬಡಿದದ್ದು, ಉಕ್ಕಿನ ಸದ್ದಿಗೆ ಇಡೀ ಡಬ್ಬಿ ಎದ್ದದ್ದು, ನಮ್ಮ ಗ್ಯಾರೇಜಿನ ಭಾಷೆಯಲ್ಲಿ ಅವನ ವಂಶವನ್ನೆಲ್ಲ ನೆನೆದದ್ದು ನೆನಪಿದೆ. ಆ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬಾಗಿಲು ತೆರೆಯಿತು. ಅವನು ಶರ್ಟಿನ ಕಾಲರ್ ಸರಿಮಾಡಿಕೊಳ್ಳುತ್ತಾ ನಿಂತಿದ್ದ. "ಏನಮ್ಮ, ಏನ್ ಪ್ರಾಬ್ಲಂ?" ತೋಳಿನ ತುದಿಯಲ್ಲಿ ರಕ್ತವಿತ್ತು. ಅವನ ಹಿಂದೆ ನೆಲದಲ್ಲಿ ಅವಳು. ತುಟಿ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಮಲ್ಲಿಗೆ ಕಾಲಡಿ ಸಿಕ್ಕಿ ಅರೆದುಹೋಗಿತ್ತು.

"ಬಾ ಮಗಾ ಹೊರಗೆ" ಎಂದೆ. "ನಮ್ಮೂರು ಬರ್ತಾ ಇದೆ."

"ನೀವ್ಯಾರ್ರೀ ಕರೆಯೋಕೆ? ಬುರ್ಖಾದೋರಿಗೆ ನಮ್ಮ ಮನೆ ವಿಷಯ ಯಾಕೆ?"

"ಅವಳು 'ಇದೀನಿ' ಅಂದಿದಾಳೆ ಕಣಯ್ಯಾ. ಅಂದೋರ್ನ ಇಳಿಸೋದು ನನ್ ಕೆಲ್ಸ. ಸರಿ ಪಕ್ಕಕ್ಕೆ!"

ಅವನು ನನ್ನ ಎದೆಗೆ ಕೈಯಿಟ್ಟು ತಳ್ಳಿದ. ಬೆನ್ನು ಓಣಿಯ ಕಿಟಕಿಯ ಸರಳಿಗೆ ಬಡಿದು ಉಸಿರು ನಿಂತಿತು. ನಾನು ಕೆಳಗೆ ಕುಸಿಯುತ್ತಲೇ ಅವನ ಮೊಣಕಾಲಿಗೆ ಪಿನ್ ಬೀಸಿದೆ. ಅವನು ನರಳಿ ಬಗ್ಗಿದ. ಆ ಸಂದಿನಲ್ಲಿ ಅವಳು ನುಸುಳಿ ಹೊರಬಂದಳು, ಬರಿಗಾಲಲ್ಲಿ. ಅವನು ಬಗ್ಗಿದಲ್ಲಿಂದಲೇ ಅವಳ ಜಡೆ ಹಿಡಿದು ಎಳೆದ. ಕತ್ತು ಹಿಂದಕ್ಕೆ ಮುರಿದಂತೆ ಬಾಗಿತು. ಅವಳು ಕೂಗಲಿಲ್ಲ, ಅದನ್ನು ನನಗೆ ಇವತ್ತಿಗೂ ಮರೆಯಲಾಗುವುದಿಲ್ಲ. ಕೂಗದೆ ಇರುವುದನ್ನು ಆ ಹುಡುಗಿ ಚೆನ್ನಾಗಿ ಕಲಿತಿದ್ದಳು. ನಾನು ಅವನ ಮಣಿಕಟ್ಟಿಗೆ ಹೊಡೆದೆ. ಜಡೆ ಬಿಟ್ಟ.

ಅಷ್ಟರಲ್ಲಿ ಅಕ್ಕಪಕ್ಕದ ಬಾಗಿಲುಗಳು ಒಂದೊಂದು ಬೆರಳಷ್ಟು ತೆರೆದಿದ್ದವು. ಯಾರೂ ಹೊರಗೆ ಬರಲಿಲ್ಲ. ನಮ್ಮ ಹಿರಿಯರು ಬಾಗಿಲಲ್ಲಿ ನಿಂತು "ಛೆ ಛೆ, ಏನಿದೆಲ್ಲ" ಎಂದರು.

ಡಬ್ಬಿಯ ತುದಿಗೆ, ಇಳಿಯುವ ಬಾಗಿಲಿಗೆ ಅವಳನ್ನು ಎಳೆದುಕೊಂಡು ಹೋದೆ. ಅವಳಿಗೆ ನನ್ನ ಶಾಲು ಹೊದಿಸಿ, ಅವಳನ್ನು ಬೆನ್ನ ಹಿಂದೆ ಹಾಕಿಕೊಂಡು, ಪಿನ್ ಹಿಡಿದು ನಿಂತೆ. ಅವನು ಕುಂಟುತ್ತಾ ಬಂದು ಎದುರಿಗೆ ನಿಂತ. ಮುಂದೆ ಬಂದರೆ ತಲೆ ಒಡೆಯುತ್ತೇನೆಂದು ಅವನಿಗೆ ಗೊತ್ತಾಗಿತ್ತು, ನಿಜಕ್ಕೂ ಒಡೆಯುತ್ತಿದ್ದೆ. ಫೋನ್ ತೆಗೆದು ತನ್ನ ಅಪ್ಪನಿಗೆ ಹೇಳತೊಡಗಿದ. "ಇವಳಿಗೆ ತಲೆ ಕೆಟ್ಟಿದೆ ಅಪ್ಪ. ಯಾರೋ ಒಬ್ಬಳು ಸೇರ್ಕೊಂಡು ಗಲಾಟೆ ಮಾಡ್ತಿದಾಳೆ. ಇವಳಪ್ಪನಿಗೆ ಫೋನ್ ಮಾಡಿ ಹೇಳು."

ತೆರೆದ ಬಾಗಿಲಿನಿಂದ ಮಂಜು ಒಳಗೆ ನುಗ್ಗುತ್ತಿತ್ತು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

"ಮನೆ ಎಲ್ಲಮ್ಮ?"

"ನ್ಯೂಟೌನ್" ಎಂದಳು. "ಅಪ್ಪ ಸ್ಟೇಷನ್‌ಗೆ ಬಂದಿರ್ತಾರೆ. ಕಾಫಿ ತಂದಿರ್ತಾರೆ ಇವರಿಗೆ."

ಅಬ್ಬ, ಬದುಕಿದೆ ಅಂದುಕೊಂಡೆ. ಅಪ್ಪ ಇದ್ದಾನಲ್ಲ. ಅವನ ಕೈಗೆ ಒಪ್ಪಿಸಿದರೆ ನನ್ನ ಕೆಲಸ ಮುಗಿಯಿತು. ಎರಡು ನಿಮಿಷದಲ್ಲಿ ಇಳಿದರೆ ಸಾಕು, ಇಳಿಯದಿದ್ದರೆ ಶಿವಮೊಗ್ಗದಲ್ಲಿ ಅವನ ಮನೆ, ಅವನ ಚಿಲಕ, ಅವನ ಜನ. ಮಸರಹಳ್ಳಿ ದಾಟಿತು. ಭದ್ರಾವತಿಯ ಮೊದಲ ಮನೆಗಳು ಮಂಜಿನಲ್ಲಿ ಕಂಡವು.

ಅವಳ ಅಪ್ಪ ಫಸ್ಟ್ ಕ್ಲಾಸ್ ಡಬ್ಬಿ ನಿಲ್ಲುವ ಜಾಗದಲ್ಲೇ ನಿಂತಿದ್ದರು. ಮಂಕಿ ಕ್ಯಾಪ್, ಕಂದು ಸ್ವೆಟರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ ಎಂದು ಆಮೇಲೆ ತಿಳಿಯಿತು. ಒಂದು ಕೈಯಲ್ಲಿ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರು. ಇನ್ನೊಂದು ಕೈಯಲ್ಲಿ ಫ್ಲಾಸ್ಕು, ಎರಡೇ ನಿಮಿಷವೆಂದು ಮುಂಚೆಯೇ ಮುಚ್ಚಳ ತೆಗೆದು ಹಿಡಿದಿದ್ದರು. ಅದರ ಹಬೆ ನೇರ ಮುಖಕ್ಕೆ ಹೋಗಿ ಕನ್ನಡಕದ ಗಾಜೆರಡೂ ಬೆಳ್ಳಗಾಗಿದ್ದವು.

ಗಾಡಿ ನಿಲ್ಲುವ ಮೊದಲೇ ನಾನು ಹಾರಿದೆ, ಅವಳನ್ನು ಕೈಹಿಡಿದು ಇಳಿಸಿದೆ. ಸೀರೆಯ ಬಣ್ಣ ನೋಡಿಯೋ, ಹೆಜ್ಜೆ ಸದ್ದಿನಿಂದಲೋ ಅವರಿಗೆ ಮಗಳೆಂದು ತಿಳಿಯಿತು. ಮುಖವೆಲ್ಲ ನಗುವಾಯಿತು.

"ಬಂದ್ಯಾ ಪುಟ್ಟಾ! ನೀನ್ಯಾಕೆ ಇಳ್ದೆ ಈ ಚಳೀಲಿ? ತಗೋ, ಕಡುಬು ಬಿಸಿ ಇದೆ. ಅಳಿಯಂದ್ರಿಗೆ ಕಾಫಿ ಕೊಡು. ಹತ್ತು ಹತ್ತು, ಗಾಡಿ ಬಿಡ್ತದೆ!"

ಅವಳ ಬೆನ್ನಿಗೆ ಕೈಯಿಟ್ಟು, ಅಷ್ಟು ಪ್ರೀತಿಯಿಂದ, ಮತ್ತೆ ಡಬ್ಬಿಯ ಮೆಟ್ಟಿಲಿಗೇ ನೂಕತೊಡಗಿದರು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೇಬಿಟ್ಟಳು. ಅಪ್ಪ ಹೇಳಿದ ಮೇಲೆ ಹತ್ತಬೇಕು ಎಂಬುದು ಅವಳ ಕಾಲಿಗೇ ಗೊತ್ತಿತ್ತೇನೋ. ಮೇಲೆ ಅವನು ನಿಂತಿದ್ದ. "ನಮಸ್ಕಾರ ಮಾವ" ಎಂದು ಕೈ ಚಾಚಿ ಅವಳ ಮುಂಗೈ ಹಿಡಿದುಕೊಂಡ.

"ಏ ಯಜಮಾನ್ರೇ!" ಕಿರುಚಿದೆ. "ಹತ್ತಿಸ್ಬೇಡ್ರೀ! ಮಗಳ ಮುಖ ನೋಡ್ರೀ ಮೊದ್ಲು!" ಎಂದು ಅವಳ ಇನ್ನೊಂದು ತೋಳು ಹಿಡಿದು ಹಿಂದಕ್ಕೆ ಎಳೆದೆ.

ಆ ಮನುಷ್ಯನಿಗೆ ಕಂಡದ್ದೇನು? ಮಂಜಾದ ಕನ್ನಡಕದ ಆಚೆ ಕಪ್ಪು ಬುರ್ಖಾದ ಒಂದು ಆಕಾರ, ಕೈಯಲ್ಲಿ ಕಬ್ಬಿಣ, ಹೊರಡುವ ಗಾಡಿಯಿಂದ ತನ್ನ ಮಗಳನ್ನು ಎಳೆಯುತ್ತಿದೆ. ಚಿನ್ನ ಕೀಳುವ ಕಳ್ಳಿ ಎಂದುಕೊಂಡರಂತೆ.

"ಯಾರೇ ನೀನು? ಬಿಡೇ ನನ್ ಮಗಳ್ನ! ಅಳಿಯಂದ್ರೇ, ಗಟ್ಟಿಯಾಗಿ ಹಿಡ್ಕೊಳ್ಳಿ ಅವಳ್ನ!"

"ನಿಮ್ಮ ಅಳಿಯಾನೇ ಕಣ್ರೀ..." ಎನ್ನುವಷ್ಟರಲ್ಲಿ ಕ್ಯಾರಿಯರ್ ಬೀಸಿ ಬಂತು. ಮೂರು ಡಬ್ಬಿ ತುಂಬ ಬಿಸಿ ಕಡುಬು, ಚಟ್ನಿ. ಅದರ ಸ್ಟೀಲ್ ಅಂಚು ನನ್ನ ಹುಬ್ಬಿನ ಮೇಲೆ ಇಳಿಯಿತು. ಕಣ್ಣು ಕತ್ತಲೆ ಬಂತು, ಆಮೇಲೆ ಕೆಂಪಾಯಿತು. ಆದರೂ ತೋಳು ಬಿಡಲಿಲ್ಲ. ಅವರು ಇನ್ನೊಂದು ಹೊಡೆದರು, ಭುಜಕ್ಕೆ. ಗಾಡಿ ಸೀಟಿ ಹಾಕಿತು. ಮೇಲಿನಿಂದ ಅವನು ಎಳೆಯುತ್ತಿದ್ದಾನೆ, ಕೆಳಗಿನಿಂದ ಅಪ್ಪ ತಳ್ಳುತ್ತಿದ್ದಾರೆ, ನಾನೊಬ್ಬಳು ಜಗ್ಗುತ್ತಿದ್ದೇನೆ. ಆ ಹುಡುಗಿಯ ತೋಳಿನ ಕೀಲು ಕಳಚಿ ಬರುತ್ತದೆ ಅನ್ನಿಸಿತು.

ಆಗ ಅವಳು ಮೊದಲ ಸಲ ಕೂಗಿದಳು.

"ಅಪ್ಪಾ! ಕನ್ನಡಕ ಒರಸ್ಕೊಳ್ಳಪ್ಪಾ!"

ಅವರು ಗಕ್ಕನೆ ನಿಂತರು. ಎತ್ತಿದ ಕ್ಯಾರಿಯರ್ ಎತ್ತಿದಲ್ಲೇ ಇತ್ತು. ಫ್ಲಾಸ್ಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೆಬ್ಬೆರಳಿನಿಂದ ಒಂದು ಗಾಜು ಒರೆಸಿಕೊಂಡರು. ಮಗಳ ಮುಖ ನೋಡಿದರು. ನಂಬದೆ ಇನ್ನೊಂದು ಗಾಜನ್ನೂ ಒರೆಸಿಕೊಂಡರು.

ಗಾಡಿ ಜಗ್ಗಿ ಹೊರಟಿತು. ಅವನ ಕೈ ಇನ್ನೂ ಅವಳ ಮುಂಗೈಯಲ್ಲೇ ಇತ್ತು. ಅವಳು ಗಾಡಿಯ ಜೊತೆ ಎರಡು ಹೆಜ್ಜೆ ಓಡಿದಳು, ಕಾಲು ಪ್ಲಾಟ್‌ಫಾರ್ಮಿನ ಅಂಚಿಗೆ ಬಂತು. ಆ ಅಪ್ಪನ ಗಂಟಲಿನಿಂದ ಬಂದದ್ದು ಮಾತಲ್ಲ, ಎಂಥದೋ ಸದ್ದು. ಓಡುತ್ತಾ ಅದೇ ಕ್ಯಾರಿಯರಿನಿಂದ ಅಳಿಯನ ಬೆರಳುಗಳ ಮೇಲೆ ಹೊಡೆದರು. ಇನ್ನೊಮ್ಮೆ ಹೊಡೆದರು. ಮತ್ತೊಮ್ಮೆ. ಕ್ಯಾರಿಯರಿನ ಕೊಂಡಿ ಕಳಚಿ ಕಡುಬುಗಳು ಹಳಿಯ ಮೇಲೆ ಉರುಳಿದವು, ಚಟ್ನಿ ಗಾಡಿಯ ಮೈಗೆಲ್ಲ ಸಿಡಿಯಿತು. ಅವನು ಅಯ್ಯೋ ಎಂದು ಕೈ ಬಿಟ್ಟ. ನಾವು ಮೂವರೂ ಒಬ್ಬರ ಮೇಲೊಬ್ಬರು ಕಲ್ಲುಹಾಸಿನ ಮೇಲೆ ಬಿದ್ದೆವು. ಗಾಡಿ ಅವನನ್ನು ಶಿವಮೊಗ್ಗಕ್ಕೆ ಕರೆದೊಯ್ಯಿತು.

ನನ್ನ ಹುಬ್ಬಿನಿಂದ ರಕ್ತ ಗಲ್ಲಕ್ಕೆ ಇಳಿದು ತಣ್ಣಗಾಗುತ್ತಿತ್ತು. ಅವರು ಮಗಳ ಊದಿದ ಕಣ್ಣಿನ ಹತ್ತಿರ ಕೈ ಒಯ್ದು, ಮುಟ್ಟಲು ಹೆದರಿ, ಹಿಂದಕ್ಕೆ ತೆಗೆದುಕೊಂಡರು.

"ಟಿಕೆಟ್ ಮಾಡ್ಸಿದ್ದು ನಾನೇ" ಎಂದರು, ಯಾರಿಗೆಂದು ತಿಳಿಯದು. "ಮಗಳು ಆರಾಮಾಗಿ ಬರ್ಲಿ, ಅಳಿಯಂದ್ರಿಗೂ ಮರ್ಯಾದೆ ಅಂತ ಫಸ್ಟ್ ಕ್ಲಾಸೇ ಮಾಡ್ಸಿದೆ." ಆಮೇಲೆ "ಅಮ್ಮಾ, ನಿಮಗೆ ನಾನು..." ಎಂದು ನನ್ನ ಕಡೆ ಕೈ ಮುಗಿದರು.

ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ನೋಡಿದವರೇ ಎದ್ದು ನಿಂತರು. ಮಂಕಿ ಕ್ಯಾಪ್ ಕೂಡ ತೆಗೆದರು.

"ಹಲೋ, ಬೀಗರೇ. ನಮಸ್ಕಾರ. ಹೌದು... ಇಲ್ಲೇ ಇದಾಳೆ. ಏನೋ ಸಣ್ಣ ಮಾತು ಬಂದಿರ್ಬೇಕು. ಹೌದು ಬೀಗರೇ, ಅವಳ್ದೂ ತಪ್ಪಿರ್ತದೆ. ಬೇಜಾರ್ ಮಾಡ್ಕೋಬೇಡಿ. ಸಂಜೆ ನಾನೇ ಕರ್ಕೊಂಡು ಬಂದು ಬಿಟ್ಟು ಹೋಗ್ತೀನಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಈಗ ತಾನೆ ಮನುಷ್ಯನ ಬೆರಳು ಮುರಿದ ಕೈ ಅದು, ಬೀಗರ ದನಿ ಕೇಳಿದ ಕೂಡಲೇ ಎದೆಯ ಮೇಲೆ ಮಡಚಿ ನಿಂತಿದೆ! ಕಿಂಗ್ ಪಿನ್ ಎಲ್ಲಿ ಬಿತ್ತೆಂದು ಹುಡುಕಿದೆ. ಆ ಫೋನನ್ನು ಜಜ್ಜಿ ಪುಡಿ ಮಾಡುವ ಎಂದು ಎದ್ದೆ. ಅವಳು ನನ್ನ ಕೈ ಹಿಡಿದು ತಡೆದಳು. ಅಪ್ಪನ ಮುಂದೆ ಹೋಗಿ ಅಂಗೈ ಚಾಚಿದಳು.

"ಕೊಡಪ್ಪ ಇಲ್ಲಿ."

ಅವರು ಕೊಟ್ಟರು.

"ಮಾವ, ನಾನು" ಎಂದಳು. ಸೀಳಿದ ತುಟಿಯಿಂದ ಮಾತು ಸರಿಯಾಗಿ ಬರುತ್ತಿರಲಿಲ್ಲ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. "ಸಂಜೆ ಬರಲ್ಲ. ನಾಳೇನೂ ಬರಲ್ಲ. ನಾನು ಭದ್ರಾವತಿಯವಳು. ಇಳ್ದಾಯ್ತು."

ಕಟ್ ಮಾಡಿದಳು. ಫೋನ್ ಮತ್ತೆ ಹೊಡೆದುಕೊಳ್ಳತೊಡಗಿತು. ಅವಳು ಅದನ್ನು ಹಿಡಿದುಕೊಂಡು ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು, ನಾನೂ ನೋಡುತ್ತಾ ನಿಂತೆ. ಅವರು ಮಗಳ ತುಟಿ ನೋಡಿದರು, ಫೋನ್ ನೋಡಿದರು. ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಚೆನ್ನಾಗಿ ಒರೆಸಿ ಹಾಕಿಕೊಂಡರು. ಆಮೇಲೆ ಕೈ ಚಾಚಿ, ಪಕ್ಕದ ಗುಂಡಿ ಒತ್ತಿ ಹಿಡಿದು, ಪರದೆ ಕಪ್ಪಾಗುವ ತನಕ ಬಿಡದೆ, ಫೋನನ್ನು ಆರಿಸಿದರು.

"ನಡಿ ಮಗಳೇ, ಆಸ್ಪತ್ರೆಗೆ ಹೋಗೋಣ" ಎಂದರು. "ಈ ಅಮ್ಮಂಗೂ ಹೊಲಿಗೆ ಹಾಕ್ಸ್ಬೇಕು. ಆಮೇಲೆ ಮನೆಗೆ."